ಹೊನ್ನಮ್ಮನ ರಾಮೇಶ್ವರ

ಅಂಕೋಲೆ ಪೇಟೆಯಲ್ಲಿ ಸುರಗಿ ಮಾಲೆ ಮಾರುವವರು ಕೂತಿದ್ದರೆ ನಾನು ಈಗಲೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮುಡಿಯಲು ಕೂದಲೇ ಉಳಿದಿಲ್ಲ, ಪರಿಮಳ ಸಾಕು. ಹಾರವಾಡದ ನಮ್ಮ ಮನೆಯಲ್ಲಿ ಆ ಪರಿಮಳ ಒಂದು ಪುಸ್ತಕದಿಂದ ಬರುತ್ತಿತ್ತು. ಯಾರೋ ಮಾಸ್ತರರು ಕೊಟ್ಟ, ರಟ್ಟು ಹರಿದ ತೀರ್ಥಯಾತ್ರೆಯ ಪುಸ್ತಕ. ಅದರ ಹಾಳೆಗಳ ನಡುವೆ ಒಣ ಸುರಗಿ ಇಟ್ಟವಳು ಓದಲು ಬಾರದ ನನ್ನ ಅಜ್ಜಿ ಹೊನ್ನಮ್ಮ. ಆ ಮಣ್ಣಿನ ಗೋಡೆಯ ಮನೆ ಈಗಿಲ್ಲ. ಅದಿದ್ದ ಜಾಗ ತೋರಿಸೆಂದರೆ ನಾನೇ ತಡವರಿಸುತ್ತೇನೆ.

ಅಪ್ಪನಿಗೆ ವಿಷಮಜ್ವರ ಬಂದು ಉಳಿಯುವುದೇ ಕಷ್ಟ ಎಂದಾದಾಗ ಅಜ್ಜಿ ರಾಮೇಶ್ವರದ ಇಪ್ಪತ್ತೆರಡೂ ತೀರ್ಥದ ಬಾವಿಗಳಲ್ಲಿ ಮೀಯುವ ಹರಕೆ ಹೊತ್ತಿದ್ದಳು. ಅಪ್ಪ ಎದ್ದು ಕೂತ. ಆದರೆ ಗದ್ದೆ ಕೂಲಿಯ ಹೆಂಗಸಿಗೆ ರಾಮೇಶ್ವರವೆಲ್ಲಿ? ಕಾಳಿ ಹೊಳೆ ದಾಟಿ ಸದಾಶಿವಗಡಕ್ಕೆ ಹೋಗಿಬಂದದ್ದೇ ಅವಳ ದೊಡ್ಡ ಪ್ರಯಾಣ. ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ತುಳಸಿಕಟ್ಟೆಯ ಮುಂದೆ ಒದ್ದೆ ಸೀರೆಯಲ್ಲಿ ಕೂತು, ನಾನು ಒಂದೊಂದು ಬಾವಿಯ ಹೆಸರು, ಮಹಿಮೆ ಓದಿದಂತೆ ಒಂದೊಂದು ಬೊಗಸೆ ನೀರು ತಲೆಗೆ ಹಾಕಿಕೊಳ್ಳುವುದು. “ಕಿವಿಲಿ ಕೇಳಿ ಮಿಂದ್ರೂ ದೇವ್ರಿಗೆ ಮುಟ್ತದೆ. ನೀ ಮಾತ್ರ ಸಮಾ ಓದೇ ಮಗಾ” ಎಂದಳು. ಎಂಟನೆಯ ಬಾವಿ ಮುಗಿಯುವಾಗ ಕಡಲ ಕಡೆಯಿಂದ ಕೂಗು ಕೇಳಿತು. ಮೀನು ತುಂಬಿದ ರಂಪಣಿ ಬಲೆ ದಡಕ್ಕೆ ಬರುತ್ತಿತ್ತು. ಹಗ್ಗ ಎಳೆಯಲು ಊರಿಗೆ ಊರೇ ಓಡುತ್ತಿತ್ತು. ನಾನು ಹತ್ತು ವರ್ಷದವಳು. ಉಳಿದ ಬಾವಿಗಳ ಹಾಳೆಗಳನ್ನು ಒಟ್ಟಿಗೆ ಮಗುಚಿ, ಗುಡಿಯೊಳಗೆ ದೇವರ ದರ್ಶನವಾದ ಸಾಲು ಓದಿಬಿಟ್ಟೆ.

“ಇಷ್ಟ್ ಬೇಗ ಆತೇನೆ?”

“ಆತು ಅಜ್ಜಿ.”

ಅವಳು ಕೈಮುಗಿದು ಅತ್ತಳು. ನಾನು ಕಡಲಿಗೆ ಓಡಿದೆ.

ಹರಕೆ ತೀರಿತೆಂದು ಅಜ್ಜಿ ಕೇರಿಗೆಲ್ಲ ಬೆಲ್ಲ ಹಂಚಿದಳು. ಆಮೇಲೆ ಅಪ್ಪನ ಮೈ ಸ್ವಲ್ಪ ಬಿಸಿಯಾದರೂ ನನಗೆ ಓದದೆ ಬಿಟ್ಟ ಬಾವಿಗಳೇ ನೆನಪಾಗುತ್ತಿದ್ದವು. ಅಪ್ಪ ಎಂಬತ್ತು ದಾಟಿಯೇ ಹೋದ. ಅದಕ್ಕೂ ಎಷ್ಟೋ ಮೊದಲೇ ಅಜ್ಜಿ, ತಾನು ರಾಮೇಶ್ವರ ಕಂಡವಳೆಂಬ ಸಮಾಧಾನದಲ್ಲಿ ಕಣ್ಣು ಮುಚ್ಚಿದ್ದಳು. ಹೇಳಿಬಿಡೋಣವೆಂದು ಹಲವು ಸಲ ಬಾಯಿ ತೆರೆದಿದ್ದೆ, ಹೇಳಲಿಲ್ಲ. ಮುಂದೆ ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ಸಿಕ್ಕಿದ್ದನ್ನೆಲ್ಲ ಓದಿದೆ. ಎಂಥ ಬೇಸರದ ಪುಸ್ತಕವಾದರೂ ಒಂದು ಹಾಳೆ ಹಾರಿಸಲು ನನ್ನಿಂದಾಗದು. ಮನೆಯಲ್ಲಿ ಎಲ್ಲರೂ ನಗುತ್ತಾರೆ. ದೇವರನ್ನು ನಂಬುತ್ತೇನೋ ಇಲ್ಲವೋ ನನಗೇ ಸರಿಯಾಗಿ ತಿಳಿಯದು. ನನ್ನನ್ನು ನಂಬಿದವಳಿಗೆ ಮೋಸ ಮಾಡಿದ್ದು ಮಾತ್ರ ತಿಳಿದಿದೆ.

ಹೋದ ಚಳಿಗಾಲದಲ್ಲಿ, ಈ ಮೊಣಕಾಲು ಇನ್ನೂ ನಡೆಯುವಾಗಲೇ ಎಂದು, ಶಿರವಾಡದಲ್ಲಿರುವ ತಮ್ಮನನ್ನು ಕರೆದುಕೊಂಡು ರಾಮೇಶ್ವರಕ್ಕೆ ಹೋದೆ. ಬಾವಿಯಿಂದ ಬಾವಿಗೆ ಒದ್ದೆ ಕಲ್ಲಿನ ಮೇಲೆ ಹುಷಾರಾಗಿ ನಡೆದೆವು. ಎಂಟರವರೆಗೆ ಸುಮ್ಮನೆ ತಲೆಯೊಡ್ಡಿದೆ. ಒಂಬತ್ತನೆಯದರಿಂದ, ನೀರು ಬೀಳುವಾಗಲೆಲ್ಲ “ಹೊನ್ನಮ್ಮ” ಎಂದೆ. ಇಪ್ಪತ್ತೆರಡೂ ಮುಗಿದ ಮೇಲೆ ತಮ್ಮ ಯಾಕೆಂದು ಕೇಳಿದ. ಕಂಬಕ್ಕೊರಗಿ ಕೂತು, ಅರುವತ್ತು ದಾಟಿದ ಈ ವಯಸ್ಸಿನಲ್ಲಿ ಮೊದಲ ಸಲ, ಎಲ್ಲ ಹೇಳಿದೆ. ಅವನು ಬೆರಳು ಮಡಚಿ ಎಣಿಸಿದ.

“ಹಂಗಾರೆ ನಿಂದು ಎಂಟೇ ಆತಲ್ಲೆ ಅಕ್ಕಾ. ಇನ್ನೊಂದ್ ಸುತ್ತು ಹೋಗಿ ಬರ್ವಾ?”

“ಬೇಡ” ಎಂದೆ. “ನಂದು ಎಂಟೇ ಇರ್ಲಿ.”