ಎತ್ತಿನ ಮಣ್ಣು

ಮೇಜಿನ ಮೇಲೆ ಇಡುತ್ತಿದ್ದಂತೆಯೇ ಎತ್ತಿನ ಎಡಗೋಡು ಉದುರಿತು. ಮುರಿದ ಜಾಗದಲ್ಲಿ ಮಣ್ಣು ಕುಂಕುಮದ ಹಾಗೆ ಪುಡಿಪುಡಿಯಾಗಿತ್ತು. ಕಣ್ಣಿಗೆ ಒತ್ತಿದ್ದ ಜೋಳದ ಕಾಳುಗಳಲ್ಲಿ ಒಂದು ಉಳಿದಿತ್ತು, ಇನ್ನೊಂದು ಉರುಳಿ ಸೀಮೆಸುಣ್ಣದ ಡಬ್ಬಿಗೆ ತಾಗಿ ನಿಂತಿತು.

"ಗುಡ್ಡದ ಮಣ್ಣು ಅಕ್ಕೋರ," ಎಂದಳು ಅದನ್ನು ತಂದಿದ್ದ ಮೂರನೆಯ ತರಗತಿಯ ಹುಡುಗಿ. "ಒಲಿ ಬಾಜೂಕ ಇಟ್ಟು ಒಣಗಿಸಿದ್ರೂ ನಿಲ್ಲವಲ್ದು. ಆಯಿ ಅಂದ್ಲು, ಒಯ್ದು ಅಕ್ಕೋರಿಗೆ ತೋರಿಸು ಅಂತ."

"ನನಗ್ಯಾಕ?"

"ನೀವು ಹಳೇದೆಲ್ಲಾ ಬರೀತೀರಲ್ರಿ. ಈ ವರ್ಷದಿಂದ ಎತ್ತು ಮಾಡೂದೂ ಹಳೇದ ಆಕ್ಕೈತಂತ."

ನಾನು ಕಲಿಸುವುದು ಗಡಿಯಾಚೆಯ ಕೊಂಕಣಿ ಸೀಮೆಯಲ್ಲಿ, ಸಾಂಖಳಿಯಿಂದ ಒಳಗಿರುವ ಒಂದು ಹಳ್ಳಿಯ ಮರಾಠಿ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿನ ಬಹಳಷ್ಟು ಮಕ್ಕಳು ಮನೆಯಲ್ಲಿ ಆಡುವುದು ಕನ್ನಡ. ಅವರ ಅಜ್ಜ ಅಜ್ಜಿಯರು ವಿಜಯಪುರದ ಕಡೆಯಿಂದ ಗಣಿ ಕೆಲಸಕ್ಕೆ ಬಂದು ಗುಡ್ಡದ ಬುಡದಲ್ಲಿ ಸಾಲಾಗಿ ಮನೆ ಕಟ್ಟಿಕೊಂಡರು. ಗಣಿ ನಿಂತ ಮೇಲೆ ಗಂಡಸರು ಬೆಳಗಿನ ಬಸ್ಸು ಹಿಡಿದು ಪರ್ವರಿ ಪಟ್ಟಣದ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ನನ್ನ ತಂದೆಯದು ಸಾಂಖಳಿ ಪೇಟೆಯಲ್ಲಿ ಬಟ್ಟೆ ಅಂಗಡಿ. ನಾನು ಧಾರವಾಡದಲ್ಲಿ ಇತಿಹಾಸ ಓದಿ ಮರಳಿ ಬಂದೆ. ಊರಿನ ಚರಿತ್ರೆ ಬರೆಯುವ ಕೆಲಸವನ್ನು ಯಾರೂ ಹೇಳದೆ, ಭಾನುವಾರಗಳಿಗೆಂದು ನಾನೇ ಹಚ್ಚಿಕೊಂಡಿದ್ದೇನೆ.

ದೇವಸ್ಥಾನ, ಕೆರೆ, ಹಳೆಯ ಮನೆತನಗಳ ವಿಷಯ ಸುಲಭವಾಗಿ ಸಿಕ್ಕಿತು. ಗುಡ್ಡದ ಸಾಲಿನಲ್ಲಿ ಮಾತ್ರ ಏನೂ ಸಿಗಲಿಲ್ಲ. ನಾನು ಪೆನ್ನು ತೆಗೆದ ಕೂಡಲೇ ಹೆಂಗಸರು ಒಳಗೆ ಹೋಗಿ ಪ್ಲಾಸ್ಟಿಕ್ ಚೀಲ ತರುತ್ತಿದ್ದರು. ಅದರಲ್ಲಿ ರೇಷನ್ ಕಾರ್ಡು, ಆಧಾರು, ಕರೆಂಟ್ ಬಿಲ್ಲು. "ನಾವು ಇಲ್ಲಿಯವರ ಅದೀವ್ರಿ, ನೋಡ್ರಿ," ಎಂದು ಒಂದೊಂದಾಗಿ ಹರಡುತ್ತಿದ್ದರು. ಎಲ್ಲಿಂದ ಬಂದಿರಿ ಎಂದು ಕೇಳಲು ಈವರೆಗೆ ಬಂದವರು ಚರಿತ್ರೆಗಾಗಿ ಬಂದಿರಲಿಲ್ಲ ಎಂಬುದು ನನಗೆ ಹೊಳೆಯಲು ಸ್ವಲ್ಪ ಕಾಲ ಹಿಡಿಯಿತು.

ಆಮೇಲೆ ಪೆನ್ನು ಬಿಟ್ಟು ಹೋದೆ. ಹಬ್ಬಗಳ ಬಗ್ಗೆ ಕೇಳಿದೆ. ಮಣ್ಣೆತ್ತಿನ ಅಮಾವಾಸ್ಯೆಯ ಮಾತು ಬಂದಾಗ ಆಯಿ ಬಾಯಿ ಬಿಟ್ಟಳು. ಆಯಿ ಎಂದರೆ ಆ ಹುಡುಗಿಯ ಅಜ್ಜಿ; ಸಾಲಿನವರಿಗೆಲ್ಲ ಆಯಿಯೇ. ಜ್ಯೇಷ್ಠದ ಅಮಾವಾಸ್ಯೆಗೆ ಅವರು ಒಂದು ಜೋಡಿ ಎತ್ತು, ಮುಂದೆ ಒಂದು ಗ್ವಾದ್ಲಿ, ಅಂದರೆ ಮೇವು ಹಾಕುವ ತೊಟ್ಟಿ, ಮಣ್ಣಿನಲ್ಲಿ ಮಾಡಿ ಪೂಜಿಸುತ್ತಾರೆ. ವಿಜಯಪುರದ ಕಡೆ ಅದಕ್ಕೆ ಕರಿಮಣ್ಣಿತ್ತು. ಇಲ್ಲಿನ ಕೆಂಪು ಮಣ್ಣು ಎತ್ತಾಗಲು ಒಪ್ಪುವುದಿಲ್ಲ. ಒಪ್ಪುವ ಅಂಟುಮಣ್ಣು ಇರುವುದು ಒಂದೇ ಕಡೆ: ಊರಿನ ದೊಡ್ಡ ಮನೆಯವರ ಭತ್ತದ ಗದ್ದೆಯ ಅಂಚಿನಲ್ಲಿ, ಮುಳ್ಳುಬೇಲಿಯ ಒಳಗೆ.

"ಕೇಳಿದ್ರ ಕೊಡ್ತಿದ್ರೋ ಇಲ್ಲೋ. ಅದಕ್ಕ ಕೇಳಲೇ ಇಲ್ಲ," ಎಂದಿದ್ದಳು ಆಯಿ. ಬೆಳಕು ಹರಿಯುವ ಮೊದಲು, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೋಗಿ ತರುತ್ತಿದ್ದರು. ತೋಡಿದ ಜಾಗವನ್ನು ಹುಲ್ಲಿನಿಂದ ಮುಚ್ಚಿ ಬರುತ್ತಿದ್ದರು. ಮೊದಲ ಕೆಲವು ವರ್ಷ ಬಿಟ್ಟರೆ, ಪ್ರತಿ ವರ್ಷ ಆ ದಿನ ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಸಂದು ಇರುತ್ತಿತ್ತು. "ದೇವ್ರ ಬಿಚ್ಚಿ ಇಡ್ತಾನ," ಎಂದು ಕೈ ಮುಗಿದಿದ್ದಳು.

ಈ ವರ್ಷ ಬೇಲಿಯ ಜಾಗದಲ್ಲಿ ಕೆಂಪುಕಲ್ಲಿನ ಗೋಡೆ ಏಳುತ್ತಿತ್ತು. ದೊಡ್ಡ ಮನೆಯ ಮಗ ಕಟ್ಟಿಸುತ್ತಿದ್ದ. ಮಳೆ ಬಿಡುವು ಕೊಟ್ಟಾಗಲೆಲ್ಲ ಅದು ಎತ್ತರವಾಗುತ್ತಿತ್ತು.

ಆ ಸಂಜೆ ಮುರಿದ ಎತ್ತನ್ನು ಹಿಡಿದು ಆಯಿಯ ಮನೆಗೆ ಹೋದೆ. ಅಮಾವಾಸ್ಯೆ ಭಾನುವಾರವಿತ್ತು. ನಾನು ಹೋಗಿ ಕೇಳಿ ನೋಡಲೇ ಎಂದೆ.

"ಬ್ಯಾಡ್ರಿ," ಎಂದಳು ಆಯಿಯ ಸೊಸೆ. "ಕೇಳಿದ್ರ ಇಷ್ಟ ವರ್ಷ ಕದ್ದದ್ದು ಒಪ್ಕೊಂಡಂಗ ಆತು. ಅವ್ರ ಮನಿಗೆ ನಾಳೆ ಭಾಂಡಿ ತಿಕ್ಕಾಕ ಹೆಂಗ ಹೋಗ್ಲಿ?"

"ಹಂಗಾದ್ರ ಎತ್ತು?"

ಆಯಿ ನನ್ನ ಕೈಯಿಂದ ಮುರಿದ ಎತ್ತನ್ನು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. "ಊರಾಗ ಖರೇ ಎತ್ತ ಅದಾವ್ರಿ, ಮೈದುನ ನೋಡ್ಕೋತಾನ. ಅವು ಅಲ್ಲೀವು. ಇಲ್ಲಿ ನಮ್ಮವು ಅಂತ ಇವ ಎರಡು. ಇವೂ ಇಲ್ಲಂದ್ರ ನಾವು ಇಲ್ಲಿ ಬರೇ ಬಾಡಿಗಿ ಇದ್ದಂಗ." ಮುರಿದ ಕೋಡಿನ ಜಾಗವನ್ನು ಬೆರಳಿನಿಂದ ಸವರಿ, "ಹೋಗಿ ಕೇಳ್ರಿ," ಎಂದಳು. "ನನ್ನ ಹೆಸರು ಹೇಳ್ರಿ. ಬ್ಯಾರೇದವರದು ಬ್ಯಾಡ."

ಕೇಳುವುದು ನನಗೆ ಸುಲಭದ ಕೆಲಸವಲ್ಲ. ಅಂಗಡಿಯಲ್ಲಿ ಬೆಳೆದರೂ ಗಿರಾಕಿಯನ್ನು ಕರೆಯಲು ನಾಚುತ್ತಿದ್ದವಳು ನಾನು. ಶನಿವಾರ ಶಾಲೆ ಮುಗಿದ ಮೇಲೆ ದೊಡ್ಡ ಮನೆಯ ಅಂಗಳದಲ್ಲಿ ಕೊಡೆ ಮಡಚುವುದಕ್ಕೇ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ.

ಮನೆಯ ಯಜಮಾನಿ ಆಜಿ ಜಗಲಿಯಲ್ಲಿ ಕುಳಿತು ಹಲಸಿನ ಬೀಜಗಳನ್ನು ಮಣ್ಣಿನಲ್ಲಿ ಹೊರಳಿಸುತ್ತಿದ್ದರು. ಮಳೆಗಾಲಕ್ಕೆ ಕೆಡದಂತೆ ಇಡುವ ರೀತಿ ಅದು. "ಬಸ್ ಗೋ ಬಾಯ್," ಎಂದು ಕೈಯಿಂದಲೇ ಜಾಗ ತೋರಿಸಿದರು. ನಾನು ಕೊಂಕಣಿಯಲ್ಲಿ ಮೊದಲು ಊರಿನ ಚರಿತ್ರೆಯ ಮಾತೆತ್ತಿದೆ, ಆಮೇಲೆ ಗದ್ದೆಯದು, ಆಮೇಲೆ ಗೋಡೆಯದು. ಕೊನೆಗೆ ಆಯಿಯ ಹೆಸರು ಹೇಳಿ, ಮಣ್ಣಿನ ವಿಷಯ ಹೇಳಿದೆ.

ಆಜಿ ಬೀಜ ಹೊರಳಿಸುವುದನ್ನು ನಿಲ್ಲಿಸಲಿಲ್ಲ. "ಆ ಕೆಮ್ಮುವವಳು ತಾನೇ?" ಎಂದರು. "ಕದಿಯಲು ಬರುವವರು ಕೆಮ್ಮಿನ ಔಷಧಿ ಕುಡಿದು ಬರಬಾರದೇ? ನಾನೇನು ಕಿವುಡಿ ಅಂದುಕೊಂಡಿದ್ದಾರಾ?"

ನಾನೂ ಒಂದು ಬೀಜ ತೆಗೆದುಕೊಂಡು ಮಣ್ಣಿನಲ್ಲಿ ಹೊರಳಿಸತೊಡಗಿದೆ.

"ಒಂದು ವರ್ಷ ಮುಳ್ಳಿಗೆ ಸೀರೆಯ ಚೂರು ಸಿಕ್ಕಿಕೊಂಡಿತ್ತು," ಎಂದು ಆಜಿ ಮುಂದುವರಿಸಿದರು. "ಒಳ್ಳೆಯ ಸೀರೆ. ಅಯ್ಯೋ ಅನ್ನಿಸಿತು. ಅಂದಿನಿಂದ ಆ ಅಮಾವಾಸ್ಯೆಗೆ ಹಿಂದಿನ ದಿನ ಬೇಲಿ ಬಿಚ್ಚಿಸಿ ಇಡುತ್ತೇನೆ."

"ಅವರಿಗೆ ಹೇಳಬಹುದಿತ್ತಲ್ಲ, ಆಜಿ?"

"ಹೇಳಿದ್ದರೆ ನಾಚಿಕೊಂಡು ಬರುವುದನ್ನೇ ಬಿಡುತ್ತಿದ್ದರು. ನಮ್ಮ ಚವತಿಯ ಗಣಪತಿಗೂ ಅದೇ ಜಾಗದ ಮಣ್ಣು. ಅದು ನನ್ನ ಮಾವನವರ ಕಾಲಕ್ಕೂ ಮುಗಿದಿಲ್ಲ, ನನ್ನ ಕಾಲಕ್ಕೂ ಮುಗಿಯುವುದಿಲ್ಲ." ಒಳಗಿದ್ದ ಮಗನಿಗೆ ಕೇಳುವಂತೆ ದನಿ ಏರಿಸಿ, ಗೋಡೆಯಲ್ಲಿ ಆ ಕಡೆ ಒಂದು ಸಣ್ಣ ಗೇಟು ಬಿಡಬೇಕೆಂದು ಹೇಳಿದರು. ಒಳಗಿನಿಂದ "ಹಾಂ, ಹಾಂ" ಎಂದು ಬಂದ ಉತ್ತರ, ಆ ಮಾತು ತಾಯಿ ಮಗನಲ್ಲಿ ಮೊದಲೇ ತೀರ್ಮಾನವಾಗಿತ್ತು ಎನ್ನುವಂತಿತ್ತು. ಆಮೇಲೆ ಆಜಿ ನನ್ನ ಕಡೆ ತಿರುಗಿದರು. "ನಾಳೆ ಗೇಟು ಆಗಿರುವುದಿಲ್ಲ. ನಮ್ಮ ಅಂಗಳದಿಂದಲೇ ಬರಲಿ, ಬೆಳಕಾದ ಮೇಲೆ. ಕತ್ತಲಲ್ಲಿ ಹಾವು ಇರುತ್ತದೆ. ಮತ್ತೆ ಒಂದು ಜೋಡಿ ಎತ್ತು ನನಗೆ ತಂದು ತೋರಿಸಬೇಕು. ಇಷ್ಟು ವರ್ಷ ಮಣ್ಣು ಹೋಯಿತು, ಅದು ಏನಾಯಿತೆಂದು ನಾನು ನೋಡಿಯೇ ಇಲ್ಲ."

ಗುಡ್ಡದ ಸಾಲಿಗೆ ಮರಳಿ ಇದನ್ನೆಲ್ಲ ಹೇಳಿದೆ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಅತ್ತಿ, ದೇವ್ರ ಬೇಲಿ ಬಿಚ್ಚತಾನ ಅಂತಿದ್ರಲ್ಲ, ದೇವ್ರಿಗೆ ನಿಮ್ಮ ಕೆಮ್ಮ ಕೇಳಿಸಿತ್ತಂತ."

"ನಗಬ್ಯಾಡ, ಸುಮ್ನಿರು," ಎಂದಳು ಆಯಿ. ಅವಳ ಮುಖದಲ್ಲಿ ಸಮಾಧಾನವಿತ್ತು, ಅದರ ಜೊತೆಗೆ ಏನನ್ನೋ ಕಳೆದುಕೊಂಡವರ ನೋಟವೂ ಇತ್ತು. "ಅಂದ್ರ ನಾವು ಒಂದು ವರ್ಷಾನೂ ನೆಟ್ಟಗ ಕದ್ದೇ ಇಲ್ಲೇನ್ರಿ?"

"ಮೊದಲಿನ ವರ್ಷಗಳಲ್ಲಿ ಕದ್ದಿರಬೇಕು, ಆಯಿ," ಎಂದೆ. "ಸೀರಿ ಹರಿಯೂತನಕ."

"ಅಷ್ಟಾದ್ರೂ ಆತಲ್ಲ." ಅವಳೂ ನಕ್ಕಳು. ಆಮೇಲೆ ನಾನು ಕೇಳದೆಯೇ ಹೇಳಿದಳು: "ಇದನ್ನ ಬರಕೋರಿ ಅಕ್ಕೋರ. ನಾವು ಎಲ್ಲಿಂದ ಬಂದ್ವಿ ಅನ್ನೂದೂ ಬರಕೋರಿ. ಇನ್ನ ಏನೂ ಆಗೂದಿಲ್ಲ."

ಆ ದಿನ ಯಾರೂ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲ ತರಲಿಲ್ಲ. ಕತ್ತಲಾಗುವವರೆಗೂ ಆಯಿ ತಾನು ಬಂದ ಲಾರಿ, ಮೊದಲ ಮಳೆಗಾಲ, ತೆಂಗಿನ ಗರಿಯ ಮೊದಲ ಗುಡಿಸಲು, ಎಲ್ಲವನ್ನೂ ಹೇಳಿದಳು. ನಾನು ಕೇಳಿಸಿಕೊಂಡೆ. ಬರೆಯಲು ಪೆನ್ನು ಇರಲಿಲ್ಲ. ಮನೆಗೆ ಹೋಗಿ ನೆನಪಿನಿಂದ ಬರೆದೆ.

ಮರುದಿನ ಬೆಳಿಗ್ಗೆ ಬೆಳಕು ಚೆನ್ನಾಗಿ ಹರಿದ ಮೇಲೆ ಹೆಂಗಸರು ಬುಟ್ಟಿ ಹಿಡಿದು ದೊಡ್ಡ ಮನೆಯ ಅಂಗಳದಿಂದ ಗದ್ದೆಗೆ ಇಳಿದರು. ಆಯಿ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದಳು, ಅಭ್ಯಾಸಬಲದಿಂದ ಗೋಣಿಚೀಲವನ್ನೂ ಹೊದ್ದಿದ್ದಳು. ಆಜಿ ಜಗಲಿಯಿಂದ ಜೋರಾಗಿ ಒಮ್ಮೆ ಕೆಮ್ಮಿದರು. ನಾನು ಚಪ್ಪಲಿಯನ್ನು ಗೋಡೆಯ ಮೇಲಿಟ್ಟು ಕೆಸರಿಗೆ ಇಳಿದೆ. ಅಂಗಡಿ ನಡೆಸುವ ನಮ್ಮ ಮನೆಯಲ್ಲಿ ಎತ್ತು ಮಾಡುವ ರೂಢಿ ಇರಲಿಲ್ಲ, ಆದರೂ ತಾಯಿಯ ಹಿಟ್ಟಿನ ಬೋಗುಣಿಯನ್ನು ತಂದಿದ್ದೆ. ಆಯಿಯ ಪಕ್ಕದಲ್ಲಿ ಕುಳಿತು ಅದನ್ನು ತುಂಬಿಕೊಂಡೆ.