ತಲೆಯಿಲ್ಲದ ಸಕ್ಕರೆ ಬೊಂಬೆಗಳು

೧೯೯೩ರ ಸಂಕ್ರಾಂತಿ ಗುರುವಾರ ಬಂದಿತ್ತು. ವಾರ ಇಷ್ಟು ಸರಿಯಾಗಿ ನೆನಪಿರೋದಕ್ಕೆ ಕಾರಣ ಇದೆ. ಆ ಹಬ್ಬ ಬುಧವಾರವೋ ಶುಕ್ರವಾರವೋ ಬಂದಿದ್ದರೆ ನಾನು ಈ ಕಥೆ ಬರೀತಾನೇ ಇರಲಿಲ್ಲ.

ನಮ್ಮ ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ ತುಮಕೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ, ಮಗಳು ಅನುವನ್ನೂ ಕರ್ಕೊಂಡು ಬಂದಿದ್ದೆವು. ಸಾಮಾನು ತಂದ ಲಾರಿ ದಾರಿಯಲ್ಲಿ ಎಲ್ಲೋ ಗುಂಡಿಗೆ ಇಳಿದು ಎರಡು ವಸ್ತು ಹಾಳಾದವು. ಒಂದು ನಮ್ಮ ಟಿ.ವಿ. ಇನ್ನೊಂದು, ಅಮ್ಮ ಕೊಟ್ಟಿದ್ದ ಸಕ್ಕರೆ ಅಚ್ಚಿನ ಮರದ ಮಣೆಗಳು. ಆನೆ, ಗೋಪುರ, ಗಿಳಿ ಎಲ್ಲ ಸೀಳಿಹೋಗಿ, ಬೊಂಬೆಯ ಅಚ್ಚು ಒಂದೇ ಉಳಿದಿತ್ತು. ಅದಕ್ಕೂ ಕತ್ತಿನ ಹತ್ತಿರ ಬಿರುಕು. ಟಿ.ವಿ. ರಿಪೇರಿ ಮಾಡಿಸಿ ಅಂದರೆ ಇವರು "ಮುಂದಿನ ತಿಂಗಳು" ಅನ್ನೋರು. ಇವರ ಮುಂದಿನ ತಿಂಗಳು ಯಾವತ್ತೂ ಬಂದದ್ದಿಲ್ಲ, ಅದು ಬೇರೆ ಮಾತು.

ಸೀತಮ್ಮಧಾರ ಅನ್ನೋ ಬಡಾವಣೆಯಲ್ಲಿ ನಾಲ್ಕು ಅಂತಸ್ತಿನ ಕಟ್ಟಡ, ಒಟ್ಟು ಎಂಟು ಮನೆ. ಎಂಟರಲ್ಲಿ ಒಂದು, ಮೂರನೇ ಅಂತಸ್ತಿನದು, ನಮ್ಮದು. ನಾನು ಊರಲ್ಲಿ ದಿನಕ್ಕೆ ನಾಲ್ಕು ಮನೆ ಸುತ್ತದಿದ್ದರೆ ಅನ್ನ ಇಳಿಯದವಳು. ಇಲ್ಲಿ ನಾಲ್ಕು ತಿಂಗಳಾದರೂ ಬಾ ಅಂದವರಿಲ್ಲ, ಕೂತ್ಕೋ ಅಂದವರಿಲ್ಲ. ಎದುರು ಮನೆಯ ವರಲಕ್ಷ್ಮಿ ಗಾರು ಅಂತೂ, ನಾನು ಮೆಟ್ಟಿಲು ಹತ್ತೋ ಸದ್ದಾದರೆ ಸಾಕು, ಧಡ್ ಅಂತ ಬಾಗಿಲು ಹಾಕೋರು. ನಾನೇನು ಸಾಲ ಕೇಳೋಕೆ ಬಂದಿದ್ದೀನಾ? ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಂದು ದಿನ ಇವರಿಗೆ ಹೇಳಿಯೇಬಿಟ್ಟೆ: "ಹಬ್ಬ ಮುಗಿದ ಭಾನುವಾರ ನಾನು, ಅನು ತುಮಕೂರಿಗೆ ಹೋಗ್ತೀವಿ. ನಿಮ್ಮ ವರ್ಗ ಮುಗಿಯೋವರೆಗೂ ನೀವು ಮೆಸ್ಸಿನಲ್ಲಿ ಗೋಂಗೂರ ತಿನ್ಕೊಂಡು ಇರಿ."

ಇವರು ಪಾಪ, ಮುಖ ಚಿಕ್ಕದು ಮಾಡಿಕೊಂಡು ಹೋಗಿ ಟಿಕೆಟ್ ಮಾಡಿಸಿಕೊಂಡು ಬಂದರು. ಅದನ್ನು ಕೈಗೆ ಕೊಡುವಾಗ "ಇನ್ನೊಂದು ಸಲ ಯೋಚನೆ ಮಾಡು" ಅಂದರು. ಅವರ ಮುಖ ನೋಡಿ ನಾನೂ ಸ್ವಲ್ಪ ಮೆತ್ತಗಾದೆ. "ಆಯ್ತು, ಹಬ್ಬದ ದಿನ ಎಲ್ಲರ ಮನೆಗೂ ಎಳ್ಳು ಬೀರ್ತೀನಿ. ಒಬ್ಬರಾದರೂ ಒಳಗೆ ಕರೆದರೆ ಇರ್ತೀನಿ. ಇಲ್ಲ ಅಂದ್ರೆ ಭಾನುವಾರ ಟ್ರೈನು," ಅಂದೆ.

ನಮ್ಮ ಕಡೆ ಸಂಕ್ರಾಂತಿಗೆ ಎಳ್ಳು ಬೀರೋದು ಅಂದರೆ, ಮಾತು ಬಿಟ್ಟವರೂ ಮಾತಾಡಲೇಬೇಕು. ಅದಕ್ಕೇ ಕೊಡೋದು. ಆದರೆ ವಿಶಾಖಪಟ್ಟಣದವರಿಗೆ ಈ ಪದ್ಧತಿ ಇಲ್ಲ ಅನ್ನೋದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಲ್ಲೇ ಹತ್ತಿರದ ಅನಕಾಪಲ್ಲಿ ಊರಿನ ಬೆಲ್ಲ, ಕೊಬ್ಬರಿ ಎಲ್ಲ ಅಡಕತ್ತರಿಯಲ್ಲಿ ಕತ್ತರಿಸಿ ಕತ್ತರಿಸಿ ಬೆರಳಲ್ಲಿ ಬೊಬ್ಬೆ ಬಂತು. ಸಕ್ಕರೆ ಪಾಕ ಹೊಯ್ದು ಬೊಂಬೆ ತೆಗೆದರೆ, ಒಂದೊಂದಕ್ಕೂ ಕತ್ತಿನ ಹತ್ತಿರವೇ ಟಕ್ ಅಂತ ತಲೆ ಮುರಿದು ಬರೋದು. ಎರಡನೇ ಪಾಕಕ್ಕೆ ಮನೆಯಲ್ಲಿ ಸಕ್ಕರೆ ಇರಲಿಲ್ಲ. ತಲೆ ಇದ್ದರೇನು, ಇಲ್ಲದಿದ್ದರೇನು, ಬಾಯಿಗೆ ಹಾಕಿದ ಮೇಲೆ ಎಲ್ಲ ಒಂದೇ ಅಂತ ಏಳು ಬೊಂಬೆ, ಏಳು ತಲೆ ತಟ್ಟೆಗೆ ಜೋಡಿಸಿದೆ.

ಈಗ ನನಗೆ ಆಗ ಗೊತ್ತಿಲ್ಲದಿದ್ದ ಒಂದು ಸಂಗತಿ ಹೇಳಬೇಕು. ಪ್ರತಿ ಗುರುವಾರ ಸಂಜೆ ಏಳೂವರೆಗೆ ತೆಲುಗಿನಲ್ಲಿ ಒಂದು ಹೊಸ ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಒಬ್ಬ ಕೊಲೆಗಾರ ಒಂದಾದ ಮೇಲೊಂದು ಕೊಲೆ ಮಾಡಿಕೊಂಡು ಹೋಗ್ತಾನೆ. ಅವನು ಯಾರು ಅಂತ ಯಾರಿಗೂ ಗೊತ್ತಿಲ್ಲ. ಕೊಲೆಯ ಹಿಂದಿನ ದಿನ ಮಾತ್ರ ಆ ಮನೆಯ ಹೊಸ್ತಿಲ ಮೇಲೆ ಒಂದು ಗುರುತು ಇಟ್ಟು ಹೋಗ್ತಾನೆ. ಏನು ಗುರುತು? ತಲೆ ಮುರಿದ ಬಿಳಿ ಬೊಂಬೆ!

ನಮ್ಮ ಕಟ್ಟಡದವರು ಇದನ್ನು ನೋಡಿ ನೋಡಿ ಅರ್ಧ ಪ್ರಾಣ ಆಗಿದ್ದರಂತೆ. ಹಾಲಿನವನು ಅಪ್ಪನ ಹೆಸರು ಸಮೇತ ಹೇಳದೆ ಬಾಗಿಲು ತೆಗೀತಿರಲಿಲ್ಲವಂತೆ. ವರಲಕ್ಷ್ಮಿ ಗಾರು ಮಲಗೋ ಮುಂಚೆ ಮಂಚದ ಕೆಳಗೆ ಪೊರಕೆ ಆಡಿಸಿ ನೋಡೋರಂತೆ. ಆ ಕಡೆಯವರು ಸಂಕ್ರಾಂತಿಗೆ ಬೊಂಬೆ ಕೂರಿಸ್ತಾರೆ. ಆ ವರ್ಷ ನಮ್ಮ ಕಟ್ಟಡದಲ್ಲಿ ಒಬ್ಬರೂ ಅಟ್ಟದಿಂದ ಬೊಂಬೆ ಪೆಟ್ಟಿಗೆ ಇಳಿಸಲಿಲ್ಲ. ಇಷ್ಟು ಹೆದರಿಕೆ ಇದ್ದರೆ ನೋಡೋದು ಬಿಡಬಹುದಲ್ಲ? ಊಹೂಂ. ಗುರುವಾರ ಬಂದರೆ ಏಳೂ ಮನೆಯವರು ಮೇಲಂತಸ್ತಿನಲ್ಲಿ ಓನರ್ ಅಪ್ಪಾರಾವು ಗಾರು ಮನೆಯ ಕಲರ್ ಟಿ.ವಿ. ಮುಂದೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂರೋರು.

ನಾನು ದೇವರ ದೀಪ ಹಚ್ಚಿ, ಆರು ವರ್ಷದ ಅನುಗೆ ರೇಷ್ಮೆ ಲಂಗ ಹಾಕಿ, ಮಲ್ಲಿಗೆ ಮುಡಿಸಿ, ತಟ್ಟೆ ಹಿಡಿದು ಹೊರಟಾಗ ಸರಿಯಾಗಿ ಏಳೂವರೆ ದಾಟಿತ್ತು.

ಎದುರು ಮನೆ ಬೀಗ. ಕೆಳಗಿನ ನಾಲ್ಕು ಮನೆಯೂ ಬೀಗ. ಹಬ್ಬದ ದಿನ ಎಲ್ಲಿ ಹೋದರಪ್ಪ ಇವರೆಲ್ಲ ಅಂತ, ಒಂದೊಂದು ಹೊಸ್ತಿಲ ಮೇಲೂ ಎಳ್ಳಿನ ಪೊಟ್ಟಣ, ಪೊಟ್ಟಣದ ಮೇಲೆ ಬೊಂಬೆ, ಪಕ್ಕದಲ್ಲಿ ಅದರ ತಲೆ ಇಟ್ಟೆವು. ಮೆಟ್ಟಿಲಲ್ಲಿ ಅನು ಎಡವಿ ತಟ್ಟೆ ವಾಲಿತು, ಕುಂಕುಮ ಎಲ್ಲ ಬೊಂಬೆಗಳ ಕತ್ತಿನ ಮೇಲೆ ಚೆಲ್ಲಿತು. ಶುಭವೇ ಅಂದುಕೊಂಡೆ.

ಮೇಲಂತಸ್ತಿಗೆ ಹೋದರೆ ಅಪ್ಪಾರಾವು ಗಾರು ಮನೆಯೊಳಗೆ ಟಿ.ವಿ. ಸದ್ದು. ಬಾಗಿಲ ಹೊರಗೆ ಜೋಡು ಚಪ್ಪಲಿಗಳ ರಾಶಿ. ವರಲಕ್ಷ್ಮಿ ಗಾರು ಚಪ್ಪಲಿಯೂ ಇತ್ತು. ಎಲ್ಲರೂ ಇಲ್ಲಿದ್ದಾರೆ, ನಮ್ಮನ್ನು ಮಾತ್ರ ಕರೆದಿಲ್ಲ! ಆದರೂ ಬಂದ ಕೋಪ ನುಂಗಿಕೊಂಡು ಬಾಗಿಲು ತಟ್ಟಿದೆ. ಒಳಗೆ ಯಾರೋ ಕಿಟಾರನೆ ಕಿರುಚಿದರು. ಇನ್ನೊಂದು ಸಲ ತಟ್ಟಿದೆ. ಟಿ.ವಿ. ಸದ್ದು ಸಣ್ಣದಾಯಿತು. ಮೂರನೇ ಸಲ ತಟ್ಟಿದಾಗ ಅಷ್ಟೂ ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ ಅಂತ ನನಗೆ ಹೊರಗೇ ಗೊತ್ತಾಯಿತು. ಬಾಗಿಲು ಮಾತ್ರ ತೆಗೆಯಲಿಲ್ಲ.

"ಅಮ್ಮಾ, ನಮ್ಮನ್ನ ಒಳಗೆ ಸೇರಿಸಲ್ವಾ?" ಅಂತ ಅನು ಕೇಳಿದಳು. ನಿಜ ಹೇಳ್ತೀನಿ, ಆಗ ನನಗೆ ಕೋಪ ಬರಲಿಲ್ಲ, ಅಳು ಬಂತು. ಅಲ್ಲಿದ್ದ ಎರಡು ಹೊಸ್ತಿಲಿಗೂ ಉಳಿದ ಎರಡು ಬೊಂಬೆ ಇಟ್ಟು ಇಳಿದು ಬಂದುಬಿಟ್ಟೆ.

ಬಂದವಳೇ ಟ್ರಂಕು ಎಳೆದೆ. ಭಾನುವಾರ ಯಾಕೆ, ಈಗಲೇ ಕಟ್ಟಿಡ್ತೀನಿ ಅಂತ ಸೀರೆಗಳನ್ನು ತುರುಕಿದೆ. ಇವರು ಬಾಗಿಲಲ್ಲಿ ನಿಂತು "ಅದಲ್ಲ ಕಣೇ..." ಅಂದರು. "ಅದೇ!" ಅಂದೆ. ಅಡಿಗೆಮನೆಗೆ ಹೋಗಿ ಅಮ್ಮ ಕೊಟ್ಟ ಅಡಕತ್ತರಿ ತಗೊಂಡೆ. ಅದನ್ನು ಈ ಜನರ ಊರಲ್ಲಿ ಬಿಟ್ಟು ಹೋಗೋದುಂಟೇ?

ಅಷ್ಟರಲ್ಲಿ ಮೇಲಿನಿಂದ "ಅಮ್ಮೋ! ಬೊಮ್ಮ!" ಅಂತ ಕೂಗು. ಆಮೇಲೆ ಒಟ್ಟಿಗೆ ಹತ್ತು ಗಂಟಲು. ದಡದಡ ಅಂತ ಹೆಜ್ಜೆ. ಒಂದೊಂದು ಅಂತಸ್ತಿಗೆ ಇಳಿದಾಗಲೂ ಹೊಸದಾಗಿ ಒಂದು ಕಿರುಚಾಟ. ಕೆಳಗಿನವರೆಗೂ ಹೋದ ಹೆಜ್ಜೆಗಳು ಮತ್ತೆ ಮೇಲೆ ಹತ್ತಿ ಬಂದವು; ಬೊಂಬೆ ಇಲ್ಲದ ಹೊಸ್ತಿಲು ನಮ್ಮದೊಂದೇ ಅಲ್ಲವೇ! ನಾನು ಅಡಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದೆ.

ಇಡೀ ಕಟ್ಟಡ ನಮ್ಮ ಬಾಗಿಲ ಮುಂದೆ ಮುದ್ದೆಯಾಗಿ ನಿಂತಿತ್ತು. ಎಲ್ಲರಿಗಿಂತ ಮುಂದೆ ಅಪ್ಪಾರಾವು ಗಾರು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಕರ್ಚೀಫು. ಬೆರಳ ಗುರುತು ಅಳಿಸಬಾರದು ಅಂತ ಕರ್ಚೀಫಿನಲ್ಲಿ ನನ್ನ ಬೊಂಬೆ!

"ಇದಿ ಎವರು ಪೆಟ್ಟಾರು?" ಅಂದರು. ಇದನ್ನು ಯಾರು ಇಟ್ಟಿದ್ದು ಅಂತ. ಕೊಟ್ಟ ಎಳ್ಳಿಗೂ ಪಂಚಾಯಿತಿನಾ! ನನ್ನ ನೆತ್ತಿಗೇರಿತು. ಬರುತ್ತಿದ್ದ ನಾಲ್ಕು ತೆಲುಗು ಮಾತನ್ನೂ ಒಟ್ಟು ಮಾಡಿಕೊಂಡು, ಅಡಕತ್ತರಿ ಎತ್ತಿ, "ನೇನೇ ಪೆಟ್ಟಾನು! ಅಂದರಿಕೀ ಪೆಟ್ಟಾನು!" ಅಂದೆ. ನಾನೇ ಇಟ್ಟೆ, ಎಲ್ಲರಿಗೂ ಇಟ್ಟೆ!

ಕೆಳಗಿನ ಮನೆಯವರೊಬ್ಬರು ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತರು. ಅಪ್ಪಾರಾವು ಗಾರು ಊರುಗೋಲು ಅಡ್ಡ ಹಿಡಿದು ಎರಡು ಮೆಟ್ಟಿಲು ಹಿಂದೆ ಸರಿದರು.

ಆಗ ನನ್ನ ಸೆರಗಿನ ಹಿಂದಿನಿಂದ ಅನು ನುಗ್ಗಿ ಬಂದಳು. ಸಂಜೆಯಿಂದ ಒಂದು ಬೊಂಬೆಯನ್ನೂ ತಿನ್ನೋಕೆ ನಾನು ಬಿಟ್ಟಿರಲಿಲ್ಲ. ಕರ್ಚೀಫಿನಿಂದ ಬೊಂಬೆ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡುಬಿಟ್ಟಳು.

"ವಿಷಂ! ಪಾಪಾ, ಉಮ್ಮೆಯ್! ಉಮ್ಮೆಯ್!" ವಿಷ, ಉಗುಳಿಬಿಡು ಅಂತ ಕೂಗುತ್ತಾ ಆ ಗುಂಪನ್ನು ಸೀಳಿಕೊಂಡು ಬಂದವರು ವರಲಕ್ಷ್ಮಿ ಗಾರು. ನನ್ನನ್ನೂ ನೋಡಲಿಲ್ಲ, ನನ್ನ ಕೈಯಲ್ಲಿದ್ದ ಅಡಕತ್ತರಿಯನ್ನೂ ನೋಡಲಿಲ್ಲ. ಮಗುವಿನ ಬಾಯಿಗೆ ಬೆರಳು ಹಾಕಿ, ಎತ್ತಿ ಹೆಗಲಿಗೆ ಹಾಕಿಕೊಂಡು, ಆಸ್ಪತ್ರೆ ಆಸ್ಪತ್ರೆ ಅನ್ನುತ್ತಾ ಬರಿಗಾಲಲ್ಲಿ ಮೆಟ್ಟಿಲು ಇಳಿದು ಓಡಿದರು. ಅವರ ಹಿಂದೆ ನಾನು, ನನ್ನ ಹಿಂದೆ ಪಂಚೆ ಎತ್ತಿ ಕಟ್ಟಿಕೊಂಡು ಇವರು, ಇವರ ಹಿಂದೆ ಇಡೀ ಕಟ್ಟಡ.

ಗೇಟಿನ ಹತ್ತಿರ ಅನು ಅವರ ಹೆಗಲ ಮೇಲಿಂದಲೇ, ನಾಲ್ಕು ತಿಂಗಳಲ್ಲಿ ಸ್ಕೂಲಿನಲ್ಲಿ ಕಲಿತ ತೆಲುಗಿನಲ್ಲಿ, ಗೋಳೋ ಅಂತ ಅತ್ತಳು: "ಅತ್ತಾ, ಅದಿ ಪಂಚದಾರ!" ಅದು ಸಕ್ಕರೆ!

ವರಲಕ್ಷ್ಮಿ ಗಾರು ನಿಂತರು. ಮಗುವಿನ ಬಾಯಿಗೆ ಹಾಕಿದ್ದ ತಮ್ಮ ಬೆರಳನ್ನೇ ಒಮ್ಮೆ ನೋಡಿಕೊಂಡರು. ಮೆಲ್ಲಗೆ ನೆಕ್ಕಿದರು. ಇನ್ನೊಂದು ಸಲ ನೆಕ್ಕಿದರು. ಆಮೇಲೆ ಅಲ್ಲೇ ಕಾಂಪೌಂಡಿನ ಕಟ್ಟೆಯ ಮೇಲೆ ಕೂತು, ಮಗುವನ್ನು ತೊಡೆಯಿಂದ ಇಳಿಸದೆ, ನಗೋದಕ್ಕೆ ಶುರು ಮಾಡಿದರು. ಕಣ್ಣಲ್ಲಿ ಮಾತ್ರ ನೀರು ಸುರೀತಾನೇ ಇತ್ತು.

"ತಲಕಾಯ ಎಲಾ ವಿರಿಗಿಂದಮ್ಮಾ?" ತಲೆ ಹೇಗೆ ಮುರೀತು ಅಂತ ನನ್ನನ್ನು ಕೇಳಿದರು.

"ಲಾರೀಲಿ..." ಅಂದೆ. ನಾನೂ ಅವರ ಪಕ್ಕ ಕೂತು ಅತ್ತುಬಿಟ್ಟೆ.

ಆಮೇಲೆ ಅನು ಬಾಯಲ್ಲಿ ಎಲ್ಲರಿಗೂ ಎಳ್ಳಿನ ವಿಷಯ ಗೊತ್ತಾಯಿತು, ನಮಗೆ ಕೊಲೆಗಾರನ ವಿಷಯ ಗೊತ್ತಾಯಿತು. ನಾನು ಬಿಡಲಿಲ್ಲ, ಕೇಳಿಯೇಬಿಟ್ಟೆ: "ನಾಲ್ಕು ತಿಂಗಳಿಂದ ನಮ್ಮನ್ನ ಯಾಕೆ ಕರೀಲಿಲ್ಲ?"

ಅಪ್ಪಾರಾವು ಗಾರು ಕಣ್ಣರಳಿಸಿದರು. "ನೀವು ಬಂದ ಮೊದಲನೇ ವಾರವೇ ನಿಮ್ಮ ಯಜಮಾನರಿಗೆ ಹೇಳಿದ್ದೆನಲ್ಲಮ್ಮಾ, ಪ್ರತಿ ಗುರುವಾರ ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ ಅಂತ! ಬರಲೇ ಇಲ್ಲ. ದೊಡ್ಡವರು, ನಮ್ಮ ಜೊತೆ ಬೆರೆಯಲ್ಲ ಅಂದುಕೊಂಡೆವು."

ಎಲ್ಲರೂ ಇವರ ಕಡೆ ತಿರುಗಿದರು. ಇವರು ತಲೆ ಕೆರೆದುಕೊಂಡು, "ಹೌದು, ಹೇಳಿದ್ದರು ಅನ್ಸುತ್ತೆ. ಮರೆತುಬಿಟ್ಟೆ ಕಣೇ," ಅಂದರು.

ಅಡಕತ್ತರಿ ಇನ್ನೂ ನನ್ನ ಕೈಯಲ್ಲೇ ಇತ್ತು. ವರಲಕ್ಷ್ಮಿ ಗಾರು ಮೆಲ್ಲಗೆ ಅದನ್ನು ಇಸಿದುಕೊಂಡರು.

ಶನಿವಾರ ಇವರೇ ಸ್ಟೇಷನ್ನಿಗೆ ಹೋಗಿ ಟಿಕೆಟ್ ರದ್ದು ಮಾಡಿಸಿಕೊಂಡು ಬಂದರು, ಈ ಸಲ ಮರೆಯಲಿಲ್ಲ. ಮುಂದಿನ ಗುರುವಾರ ವರಲಕ್ಷ್ಮಿ ಗಾರು ನಮ್ಮ ಬಾಗಿಲು ತಟ್ಟಿ ಕರೆದುಕೊಂಡು ಹೋದರು. ಅವತ್ತು ಎಲ್ಲರಿಗಿಂತ ಜೋರಾಗಿ ಕಿರುಚಿದವಳು ನಾನೇ.

ಎರಡೂವರೆ ವರ್ಷದ ಮೇಲೆ ವಿಜಯವಾಡಕ್ಕೆ ವರ್ಗವಾಯಿತು. ಹೊರಡೋ ದಿನ ಇಡೀ ಕಟ್ಟಡ ಲಾರಿಯ ಹಿಂದೆ ನಿಂತಿತ್ತು. ಆಮೇಲೆ ಊರಿಗೆ ಹೋದಾಗ ಹೊಸ ಅಚ್ಚು ಕೊಂಡೆ, ಆನೆ, ಗೋಪುರ, ಬೊಂಬೆ ಎಲ್ಲ ಚೊಕ್ಕವಾಗಿ ಬಂತು. ಆ ಸಂಕ್ರಾಂತಿಗೆ ವಿಶಾಖಪಟ್ಟಣಕ್ಕೆ ಹೋಗುತ್ತಿದ್ದವರ ಕೈಯಲ್ಲಿ ವರಲಕ್ಷ್ಮಿ ಗಾರಿಗೆ ಒಂದು ಡಬ್ಬಿ ಕಳಿಸಿದೆ. ವಾರದೊಳಗೆ ಕಾಗದ ಬಂತು. ಬೊಂಬೆ ಬಹಳ ಚೆನ್ನಾಗಿದೆಯಂತೆ, ಆದರೆ ಯಾರ ಮನೆಯದೋ ಅನ್ನಿಸ್ತಂತೆ, ಬಾಯಿಗೆ ಹಾಕೋಕೆ ಮನಸ್ಸೇ ಬರಲಿಲ್ಲವಂತೆ.

ಅವತ್ತಿನಿಂದ ಪ್ರತಿ ಸಂಕ್ರಾಂತಿಗೂ ಅವರಿಗೆ ಅಂತ ಒಂದು ಬೊಂಬೆ ಬೇರೆ ಎತ್ತಿಡ್ತೀನಿ. ಅದರ ಕತ್ತು ಮಾತ್ರ ನಾನೇ ಕೈಯಾರೆ ಮುರೀತೀನಿ.