ಉಡಿಯಾಗಿ ತೇಲಿದ ವ್ಯಾಕರಣ ಪುಸ್ತಕ

ನಾನು ಚಿಕ್ಕವಳಿದ್ದಾಗ ಅಕ್ಕನ ಇಂಗ್ಲಿಷ್ ವ್ಯಾಕರಣ ಪುಸ್ತಕವನ್ನು ಕಾಲುವೆಗೆ ಕೊಟ್ಟುಬಿಟ್ಟಿದ್ದೆ. ನಗಬೇಡಿ, ಪೂರ್ತಿ ಕೇಳಿ.

ಆಗ ಪುಸ್ತಕ ಒಬ್ಬರದ್ದಲ್ಲ. ಓದಿ ಮುಗಿಸಿದವರು ಮುಂದಿನವರಿಗೆ ದಾಟಿಸುತ್ತಿದ್ದರು. ಇದರ ಮೊದಲ ಪುಟದಲ್ಲಿ ಒಂದರ ಕೆಳಗೊಂದು ಐದು ಹೆಸರು, ಪಕ್ಕದಲ್ಲಿ ಊರು: ಬೋನಾಳ, ರಾಮಸಮುದ್ರ, ಶಹಾಪುರ, ಸುರಪುರ. ಕೊನೆಯ ಹೆಸರು ಅಕ್ಕನದು, ಊರು ನಮ್ಮ ಗೋಗಿ. ಅಂಚಿನ ತುಂಬ ಅವರೆಲ್ಲರ ಬರಹ. ಒಬ್ಬರು ನಿಯಮಗಳ ಅರ್ಥವನ್ನು ಕನ್ನಡದಲ್ಲಿ ಬರೆದಿದ್ದರು, ಇನ್ನೊಬ್ಬರು ಮೇಷ್ಟರ ಮೀಸೆ ಬರೆದಿದ್ದರು. ಪುಟ ತಿರುಗಿಸಿದರೆ ಸೀಮೆಎಣ್ಣೆ ಮತ್ತು ಶೇಂಗಾ ಚಟ್ನಿಯ ವಾಸನೆ.

ಅಕ್ಕ ಮೆಟ್ರಿಕ್‌ನಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದಳು. ಈ ಸಲವೂ ಹೋದರೆ ಓದು ಸಾಕು, ಕಳೆ ತೆಗೆಯಲು ಬಾ ಎಂದು ಅಪ್ಪ ಹೇಳಿಯಾಗಿತ್ತು. ಅವಳಿಗೋ ಟೀಚರಾಗುವ ಹುಚ್ಚು. ಪರೀಕ್ಷೆಗೆ ಎಂಟೇ ದಿನ ಉಳಿದಿತ್ತು. ಕಾಲುವೆ ಕೆಲಸದ ಲಾರಿಗಳ ಧೂಳು ಮನೆ ತುಂಬುತ್ತಿದ್ದುದರಿಂದ ಅವಳು ಪುಸ್ತಕವನ್ನು ಹಸಿರು ಕುಬಸದ ಖಣದಲ್ಲಿ ಗಂಟು ಕಟ್ಟಿ ದೇವರ ಜಗಲಿಯ ಮೇಲಿಡುತ್ತಿದ್ದಳು. ದೇವರೂ ಒಂದಿಷ್ಟು ಓದಲಿ ಬಿಡು ಎಂದು ನಾನು ಅಣಕಿಸುತ್ತಿದ್ದೆ.

ಆ ದಿನ ಕಾಲುವೆಗೆ ಮೊದಲ ನೀರು ಬರುವುದಿತ್ತು. ಊರಿಗೆ ಊರೇ ದಂಡೆಯ ಮೇಲೆ ಸೇರಿತ್ತು. ಹೊಸ ನೀರೆಂದರೆ ಮನೆಗೆ ಬಂದ ಗಂಗವ್ವ, ಅವಳಿಗೆ ಉಡಿ ತುಂಬದೆ ಇರಲಾದೀತೇ? ಅವ್ವ ಅಕ್ಕಿ, ಕೊಬ್ಬರಿ, ಹಸಿರು ಬಳೆಗಳನ್ನು ಇನ್ನೊಂದು ಹಸಿರು ಖಣದಲ್ಲಿ ಕಟ್ಟಿ ಅದೇ ಜಗಲಿಯ ಮೇಲಿಟ್ಟಿದ್ದಳು. ತರುವ ಕೆಲಸ ನನ್ನದು. ನಾನು ಅವ್ವ ಮಾಡಿದ್ದ ಹೋಳಿಗೆಯ ಗುಂಗಿನಲ್ಲಿ ಕೈಗೆ ಸಿಕ್ಕ ಗಂಟನ್ನು ಮೊರದಲ್ಲಿಟ್ಟುಕೊಂಡು ಓಡಿದೆ.

ಕಂದು ನೀರು ಕಸಕಡ್ಡಿ ತಳ್ಳಿಕೊಂಡು, ನೊರೆ ಕಾರುತ್ತ ಬಂತು. ಕಾದ ಮಣ್ಣು ನೀರು ಕುಡಿದ ವಾಸನೆ ಎದ್ದಿತು. ಹೆಂಗಸರು ಸೋಬಾನೆ ಹಾಡಿದರು. ಅವ್ವ ಕಣ್ಣು ಮುಚ್ಚಿ ಕೈಮುಗಿದು ಮೊರವನ್ನು ತೇಲಿಬಿಟ್ಟಳು. ಆಗ ಅಕ್ಕ ನೋಡಿದಳು, ಗಂಟಿಗೆ ನಾಲ್ಕು ಮೂಲೆ ಇದ್ದವು.

"ಯವ್ವಾ, ಅದು ನನ್ನ ಗ್ರಾಮರ್ ಪುಸ್ತಕ! ಪರೀಕ್ಷಾ ಐತಿ ಅಂದ್ರ ನನಗ ಐತಿ, ಗಂಗವ್ವಗಲ್ಲ."

ಉಡಿಗೆ ಹಾಕಿದ್ದನ್ನು ತಿರುಗಿ ಇಸಿದುಕೊಳ್ಳಬಾರದು ಎಂದು ಹಿರಿಯರು ತಡೆದರು. ಅಕ್ಕನ ಮುಖ ಬಾಡಿಹೋಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪ ಒಮ್ಮೆ ಅವಳನ್ನು ನೋಡಿದ, ಒಮ್ಮೆ ನೀರನ್ನು ನೋಡಿದ. ಧೋತರ ಎತ್ತಿಕಟ್ಟಿ ದಂಡೆಗುಂಟ ಓಡತೊಡಗಿದ. ಹಿಂದೆ ಅಕ್ಕ, ನಾನು, ಊರ ಮಕ್ಕಳು, ಎರಡು ನಾಯಿ. ಓಡುತ್ತ ಓಡುತ್ತ ಎಲ್ಲರಿಗೂ ನಗು ಬಂತು, ಅಕ್ಕನೊಬ್ಬಳನ್ನು ಬಿಟ್ಟು.

ಮುಂದಿನ ಸೇತುವೆಗೆ ಬಡಿದು ಮೊರ ಮಗುಚಿತ್ತು. ಕಾಲುವೆ ಗೇಟು ಕಾಯುವ ಅಣ್ಣನೊಬ್ಬ ಕೋಲಿನಿಂದ ಗಂಟು ಎಳೆದುಕೊಂಡು, ಬಿಚ್ಚಿ, ಮೊದಲ ಪುಟ ನೋಡುತ್ತ ನಿಂತಿದ್ದ. ಅಲ್ಲಿ ಸುರಪುರದ ಪಕ್ಕ ಇದ್ದ ಹೆಸರು ಅವನದೇ!

"ನಾ ಎರಡು ಸಲ ಫೇಲ್ ಆಗೀನಿ. ಆಮ್ಯಾಲ ಇದನ್ನ ಓದೇ ಪಾಸಾದೆ," ಎಂದ. "ಅಳಬ್ಯಾಡ ತಂಗಿ, ಒಣಗಸೂಣು ಬಾ."

ಸೇತುವೆಯ ಬಿಸಿ ಕಲ್ಲಿನ ಮೇಲೆ ಪುಸ್ತಕ ಬಿಚ್ಚಿಟ್ಟು, ಪುಟಪುಟಕ್ಕೂ ಗಾಳಿ ಬೀಸುತ್ತ ಕೂತೆವು. ಅಂಚಿನ ಶಾಯಿ ಹಬ್ಬಿಹೋಗಿತ್ತು. ಅಳಿಸಿಹೋದದ್ದನ್ನೆಲ್ಲ ಅವನು ನೆನಪಿಸಿಕೊಂಡು ಬರೆದ, ಅಕ್ಕನಿಂದ ಬಾಯಿಪಾಠವನ್ನೂ ಒಪ್ಪಿಸಿಕೊಂಡ. ಅಪ್ಪ ಪಕ್ಕದಲ್ಲಿ ಕೂತು, ಒಂದಕ್ಷರ ತಿಳಿಯದಿದ್ದರೂ ತಲೆಯಾಡಿಸಿದ. ಅವ್ವ ನಿಜವಾದ ಉಡಿಯನ್ನು ತಂದು, ಎರಡು ಸಲ ಬಿಚ್ಚಿ ನೋಡಿ ನೀರಿಗೆ ಬಿಟ್ಟಳು. ಅಲ್ಲೇ ಕೂತು ಎಲ್ಲರೂ ಹೋಳಿಗೆ ತಿಂದೆವು.

ಅಕ್ಕ ಪಾಸಾದಳು. ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಮುಂದೆ ಅವಳು ಟೀಚರೂ ಆದಳು.

ಮಕ್ಕಳೇ, ನಿಮಗೆ ವರ್ಷ ವರ್ಷ ಹೊಸ ಪುಸ್ತಕಗಳು ಬರುತ್ತವೆ. ಘಮಘಮ ಅನ್ನುತ್ತವೆ, ಒಪ್ಪಿದೆ. ತಿಳಿಯದಿದ್ದರೆ ಮೊಬೈಲು ಹೇಳಿಕೊಡುತ್ತದೆ, ಅದನ್ನೂ ಒಪ್ಪಿದೆ. ಆದರೆ ಪರೀಕ್ಷೆ ಮುಗಿದ ಮರುದಿನ ಪುಸ್ತಕಗಳನ್ನು ರದ್ದಿಗೆ ಹಾಕುತ್ತೀರಲ್ಲ, ಈ ಸಲ ಹಾಕಬೇಡಿ. ಹಿಂದಿನ ಓಣಿಯ ಹುಡುಗಿ ಫೇಲಾಗಿ ಮನೆಯಲ್ಲಿ ಕೂತಿದ್ದಾಳೆ. ಒಳಗೆ ನಿಮ್ಮ ಹೆಸರು ಬರೆದು, ಅವಳ ಕೈಗೆ ಕೊಟ್ಟು ಬನ್ನಿ.